ದೇಶಾವರಿ ನಗೆಯ ಪೂರ್ವೋತ್ತರ

ಕನ್ನಡಿಗನು ಎಷ್ಟು ಬಗೆಯಾಗಿ ನಗಬಲ್ಲನೆಂಬುದನ್ನು ಅವನ ಮುಖವನ್ನು ನೋಡಿ ತಿಳಿಯುವುದಕ್ಕಿಂತ ಅವನ ಮಾತನ್ನು ಕೇಳಿ ತಿಳಿಯುವುದು ಸುಲಭ. ತುಟಿ ಮೊಗ್ಗಿನಷ್ಟೇ ಬಿರಿದರೆ ಅದು ಮುಗುಳ್ನಗೆ, ತಡೆದುಕೊಂಡಿದ್ದದ್ದು ತಟ್ಟನೆ ಹೊರಬಿದ್ದರೆ ಕಿಸಕ್ಕೆನ್ನುವ ನಗೆ, ಬಾಯಿಗೆ ಸೆರಗನ್ನೋ ಕೈಯನ್ನೋ ಅಡ್ಡ ಹಿಡಿದರೆ ಮುಸಿಮುಸಿ, ಮಕ್ಕಳದು ಕಿಲಕಿಲ, ಬಯಲಾಟದ ರಾಕ್ಷಸ ವೇಷದವನದು ಗಹಗಹ. ಸಿಕ್ಕಿಬಿದ್ದವನು ನಕ್ಕರೆ ಪೆಚ್ಚುನಗೆ, ತಪ್ಪು ಮಾಡಿಯೂ ಇನ್ನೂ ಸಿಕ್ಕಿಬೀಳದವನು ನಕ್ಕರೆ ಹುಳ್ಳನಗೆ. ಇವೆರಡರ ನಡುವಣ ಅಂತರವನ್ನು ನಮ್ಮ ಮನೆಯ ಹೆಂಗಸರು ಯಾವ ನ್ಯಾಯಾಧೀಶನಿಗೂ ಕಡಿಮೆಯಿಲ್ಲದ ನಿಷ್ಕೃಷ್ಟತೆಯಿಂದ ಗುರುತಿಸುತ್ತಾರೆ. ಇನ್ನು ಗೊಳ್ಳೆಂದು ನಗುವುದಂತೂ ಒಬ್ಬನಿಂದ ಆಗುವ ಕೆಲಸವೇ ಅಲ್ಲ. ಒಬ್ಬನೇ ಕುಳಿತು ಗಹಗಹಿಸಬಹುದು, ಬಿದ್ದು ಬಿದ್ದು ನಗಬಹುದು, ಹೊಟ್ಟೆ ಹುಣ್ಣಾಗುವ ತನಕ ನಗಬಹುದು. ಆದರೆ ‘ಅವನೊಬ್ಬನೇ ಗೊಳ್ಳೆಂದು ನಕ್ಕನು’ ಎಂದು ಯಾರಾದರೂ ಬರೆದರೆ ಓದುವ ಹುಡುಗನೂ ತಿದ್ದಿಯಾನು. ಗೊಳ್ ಎಂಬುದು ಸಭೆಗೆ ಸೇರಿದ ನಗೆ. ಅದಕ್ಕೆ ನಾಲ್ಕು ಜನ ಬೇಕು, ನಗೆಗೀಡಾಗುವ ಒಬ್ಬನೂ ಬೇಕು.

ಈ ಪದಗಳೆಲ್ಲ ಹುಟ್ಟಿದ ತಾಣಗಳನ್ನು ಪರ್ಯಾಲೋಚಿಸಿದರೆ ಅವು ನಗುವವನ ಶರೀರದಿಂದಲೋ, ಕೇಳುವವನ ಕಿವಿಯಿಂದಲೋ, ಸುತ್ತಣ ಪ್ರಕೃತಿಯಿಂದಲೋ ಬಂದವೆಂಬುದು ಸ್ಪಷ್ಟವಾಗುತ್ತದೆ. ಕಿಲಕಿಲ, ಗಹಗಹಗಳು ಅನುಕರಣ ಶಬ್ದಗಳು. ಧ್ವನಿಯೇ ಅವುಗಳ ತಾಯಿ. ಮೂಲವಾದ ‘ನಗು’ ಎಂಬ ಧಾತುವಾದರೋ ದ್ರಾವಿಡ ಕುಟುಂಬದ ಹಳೆಯ ಆಸ್ತಿ. ತಮಿಳಿನ ‘ನಗು’ ಧಾತುವಿಗೆ ನಗುವುದು, ಹೂವಾಗಿ ಅರಳುವುದು, ಹೊಳೆಯುವುದು ಎಂಬ ಮೂರೂ ಅರ್ಥಗಳುಂಟು, ಅಲ್ಲಿ ‘ನಗೈ’ ಎಂದರೆ ನಗೆಯೂ ಹೌದು, ಆಭರಣವೂ ಹೌದು. ತಮಿಳರ ಮತ್ತು ಮಲೆಯಾಳಿಗಳ ಬಾಯಿಯಲ್ಲಿ ಇಂದು ಬಳಕೆಯಲ್ಲಿರುವ ‘ಸಿರಿ’, ‘ಚಿರಿ’ ಎಂಬ ರೂಪಗಳು ನಮಗೆ ಅಪರಿಚಿತವೆಂದು ತೋರಿದರೂ, ನಮ್ಮ ‘ಕಿವಿ’ ಅವರಲ್ಲಿ ‘ಚೆವಿ’ಯಾಗುವ ನಿಯಮವನ್ನು ನೆನೆದರೆ, ‘ಹಲ್ಲು ಕಿರಿ’ ಎಂಬಲ್ಲಿಯ ‘ಕಿರಿ’ಯೇ ಅವರ ಸಿರಿಯೆಂಬುದು ಹೊಳೆಯುತ್ತದೆ. ನಾವು ಹಲ್ಲನ್ನು ಕಂಡು ಹೇಳಿದ್ದನ್ನು ಅವರು ನಗೆಗೆಲ್ಲ ಹಬ್ಬಿಸಿದರು. ಕರಾವಳಿಯ ತುಳುವರು ಇವೆರಡನ್ನೂ ಬಿಟ್ಟು ‘ತೆಲಿಕೆ’ ಎಂದು ಬೇರೆಯೇ ಒಂದು ಚೆಲುವಾದ ಮಾತನ್ನು ಇಟ್ಟುಕೊಂಡಿದ್ದಾರೆ.

ಹೀಗೆ ಮೊಗ್ಗು, ಹಲ್ಲು, ಹೊಳಪು, ಧ್ವನಿಗಳಿಂದ ಹೆಸರು ಪಡೆದ ನಗೆಗಳ ಈ ಸಂಸಾರದೊಳಗೆ ಯಾರ ಬಂಧುವೂ ಅಲ್ಲದಂತೆ ಒಂದು ಮೂಲೆಯಲ್ಲಿ ನಿಂತಿರುವ ಪದವೊಂದುಂಟು: ದೇಶಾವರಿ ನಗೆ. ಕಾದಂಬರಿಗಳನ್ನು ಓದುವವರಿಗೆ ಇದು ಚಿರಪರಿಚಿತ. ಸಾಲ ಕೇಳಲು ಬಂದವನನ್ನು ಸಾಹುಕಾರನು ಎದುರುಗೊಳ್ಳುವುದು ದೇಶಾವರಿ ನಗೆಯಿಂದ. ಹೆಣ್ಣು ಒಪ್ಪಿಗೆಯಾಗದ ಬೀಗರು ಉಪ್ಪಿಟ್ಟನ್ನು ಹೊಗಳಿ ಎದ್ದು ಹೋಗುವಾಗ ಬೀರುವುದು ದೇಶಾವರಿ ನಗೆ. ಸನ್ಮಾನದ ಶಾಲನ್ನು ಹೊದೆದು ಛಾಯಾಗ್ರಾಹಕನ ಕಡೆಗೆ ತಿರುಗಿದ ಗಣ್ಯರ ಮುಖದಲ್ಲಿ ಇರುವುದೂ ಅದೇ. ಇಲ್ಲಿ ಸಂತೋಷವೂ ಇಲ್ಲ, ವಂಚನೆಯೂ ಇಲ್ಲ. ಸಂದರ್ಭವು ಕೇಳಿದಷ್ಟನ್ನು ಸಂದಾಯಮಾಡಿ ಮುಗಿಸುವ ನಗೆ ಅದು. ಇದೇ ವಿಶೇಷಣವನ್ನು ಮಾತಿಗೂ ಹಚ್ಚಿ ದೇಶಾವರಿ ಮಾತೆನ್ನುತ್ತೇವೆ, ಭಾಷಣಕ್ಕೂ ಹಚ್ಚುತ್ತೇವೆ. ಆದರೆ ‘ದೇಶಾವರಿ’ ಎಂದರೇನು? ತೋರಿಕೆಯ ಒಂದು ನಗೆಗೂ ದೇಶಕ್ಕೂ ಏನು ಸಂಬಂಧ?

ಪೇಟೆಯಿಂದ ಬಂದ ಮಾತು

ದೇಶವನ್ನೆಲ್ಲ ‘ಆವರಿಸಿದ್ದು’, ಆದ್ದರಿಂದ ಸರ್ವೇಸಾಮಾನ್ಯವಾದದ್ದು, ಎಂದು ಪದವನ್ನು ಬಿಡಿಸಲು ಮನಸ್ಸಿಗೆ ಆಸೆಯಾಗುತ್ತದೆ. ಅರ್ಥವೂ ಸರಾಗವಾಗಿ ಹೊಂದಿಕೊಳ್ಳುತ್ತದೆ. ಹೀಗೆ ಸರಾಗವಾಗಿ ಹೊಂದುವ ನಿಷ್ಪತ್ತಿಗಳನ್ನೇ ನಿಘಂಟುಕಾರರು ಹೆಚ್ಚು ಶಂಕಿಸುವುದು. ಈ ಪದವು ಕನ್ನಡದೊಳಗೆ ಹುಟ್ಟಿದ್ದಲ್ಲ. ರಾಜಸ್ಥಾನದ ಮಾರವಾಡಿಗಳಲ್ಲಿ ‘ದಿಸಾವರ’ ಎಂದರೆ ವ್ಯಾಪಾರಕ್ಕಾಗಿ ಹೋಗುವ ದೂರದ ನಾಡು. ಮನೆಯ ಗಂಡಸು ದಿಸಾವರಕ್ಕೆ ಹೋದನೆಂದರೆ ಹಿಂದಿರುಗುವುದು ವರುಷಗಳ ಮಾತು, ಅಲ್ಲಿಯ ವಿರಹಗೀತೆಗಳಿಗೆ ಆ ಪದವೇ ಪಲ್ಲವಿ. ಗುಜರಾತಿಗಳಲ್ಲಿಯೂ ಮರಾಠಿಗರಲ್ಲಿಯೂ ಅದು ‘ದೇಶಾವರ’, ಹೊರನಾಡು. ‘ದೇಶ’ ಮತ್ತು ‘ಅಪರ’ ಎಂಬೆರಡು ಸಂಸ್ಕೃತ ಪದಗಳು ಸೇರಿ, ಪ್ರಾಕೃತದ ವಾಡಿಕೆಯಂತೆ ಪಕಾರವು ವಕಾರವಾಗಿ ಈ ರೂಪ ಬಂದಿತೆನ್ನುವುದೇ ಸಮಂಜಸವಾದ ವಿವರಣೆ. ಗೋಪಾಲನು ಗೋವಳನಾದದ್ದು, ಕಪಿಲೆಯು ಕವಿಲೆಯಾದದ್ದು, ದ್ವೀಪವು ದೀವಿಯಾದದ್ದು ಇದೇ ದಾರಿಯಲ್ಲಿ. ಹದಿಮೂರನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಪರಿಶೀಲಿಸುವುದು ಇಂತಹ ವಿಕಾರಗಳನ್ನೇ.

ಆದಕಾರಣ ದೇಶಾವರಿ ಎಂದರೆ ಮೊದಲಿಗೆ ಪರಸ್ಥಳಕ್ಕೆ ಸಂಬಂಧಪಟ್ಟದ್ದು. ಪರಸ್ಥಳದಿಂದ ಬಂದ ಅಥವಾ ಪರಸ್ಥಳಕ್ಕೆ ಹೋಗಬೇಕಾದ ಸರಕು. ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳ ಪೇಟೆಗಳಲ್ಲಿ ಮರಾಠಿ, ಗುಜರಾತಿ, ಮಾರವಾಡಿ ವರ್ತಕರೊಡನೆ ಕನ್ನಡ ವರ್ತಕನು ತಲೆಮಾರುಗಳಿಂದ ಕೊಟ್ಟು ತಂದು ಮಾಡಿದವನು. ಅರಳೆ, ಕಾಳು, ಬೆಲ್ಲ, ಕಿರಾಣಿಗಳ ಜೊತೆಯಲ್ಲಿ ಖಾತೆ, ಬಾಕಿ, ದಲಾಲಿ, ರೋಖು, ಹುಂಡಿಗಳೆಂಬ ಪದಗಳೂ ಅದೇ ಗಾಡಿಯಲ್ಲಿ ಬಂದು ಇಳಿದವು. ದೇಶಾವರಿಯೂ ಅವುಗಳೊಡನೆ ಇಳಿದದ್ದು. ಉಳಿದವು ಅಂಗಡಿಯ ಗದ್ದುಗೆಯ ಮೇಲೆಯೇ ಕುಳಿತುಬಿಟ್ಟವು. ಇದೊಂದು ಮಾತ್ರ ಬೀದಿಗಿಳಿದು, ಮನೆಗಳನ್ನು ಹೊಕ್ಕು, ಮನುಷ್ಯರ ಮುಖವನ್ನು ಏರಿತು.

ಸರಕಿನಿಂದ ನಗೆಗೆ ಅರ್ಥವು ದಾಟಿದ ಮೆಟ್ಟಿಲನ್ನು ಊಹಿಸುವುದು ಕಷ್ಟವಲ್ಲ. ಮನೆಯವರಿಗೂ ನಂಟರಿಗೂ ಕೊಡುವ ಪದಾರ್ಥ ಬೇರೆ, ಕಂಡು ಕೇಳದ ಊರಿನ ಗಿರಾಕಿಗೆಂದು ಮೂಟೆ ಕಟ್ಟಿದ್ದು ಬೇರೆ. ಹೊರಗಿನ ಪೇಟೆಗೆ ಹೋಗುವ ಮಾಲು ನೋಟಕ್ಕೆ ಒಂದೇ ತೆರನಾಗಿರಬೇಕು, ಒಬ್ಬನ ನಾಲಗೆಯ ರುಚಿಗೆಂದು ಮಾಡಿದ್ದಾಗಿರಬಾರದು, ಯಾರಿಗಾದರೂ ಸಲ್ಲುವಂತಿರಬೇಕು. ಪರಸ್ಥಳದ ವರ್ತಕನಿಗೆ ಬರೆಯುವ ಕಾಗದಕ್ಕೂ ಇದೇ ಲಕ್ಷಣ. ಉಭಯ ಕುಶಲೋಪರಿ, ಇಲ್ಲಿ ಕ್ಷೇಮ, ತಮ್ಮ ಕ್ಷೇಮಕ್ಕೆ ಬರೆಸುತ್ತಿರಬೇಕು ಎಂಬ ಒಕ್ಕಣೆಯನ್ನು ಬರೆದವನೂ ಕಣ್ಣೆತ್ತಿ ನೋಡುವುದಿಲ್ಲ, ಓದುವವನೂ ನಿಂತು ಓದುವುದಿಲ್ಲ, ಆದರೆ ಅದಿಲ್ಲದೆ ಬಂದ ಕಾಗದವನ್ನು ಇಬ್ಬರೂ ಸಂಶಯದಿಂದ ನೋಡುತ್ತಾರೆ. ಗುರುತಿಲ್ಲದವರಿಗೂ ಸಲ್ಲುವ, ವೈಯಕ್ತಿಕವಾದ ಯಾವ ಮುದ್ರೆಯೂ ಇಲ್ಲದ ಇಂತಹ ಸಾಮಗ್ರಿಗೆ ‘ದೇಶಾವರಿ’ ಎಂಬ ಹೆಸರು ಬಿದ್ದ ಬಳಿಕ ಅದು ನಗೆಗೆ ಅಂಟಿಕೊಳ್ಳಲು ಒಬ್ಬ ಹಾಸ್ಯಪ್ರವೃತ್ತಿಯ ಗುಮಾಸ್ತನಿದ್ದರೆ ಸಾಕು.

ವಿಚಿತ್ರವೆಂದರೆ ಈ ಪದಕ್ಕೆ ಎಲ್ಲೆಡೆಯೂ ಇಂತಹ ದುರ್ಗತಿ ಬಂದಿಲ್ಲ. ಬುಂದೇಲಖಂಡದ ಮಹೋಬಾ ಎಂಬ ಊರಿನಲ್ಲಿ ಬೆಳೆಯುವ ಪ್ರಸಿದ್ಧವಾದ ವೀಳ್ಯದೆಲೆಯ ಹೆಸರೇ ‘ದೇಸಾವರಿ ಪಾನ್’. ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಅದು ಪಡೆದಿದೆ. ಹೊರದೇಶದ ನಂಟನ್ನು ಹೇಳುವ ಹೆಸರು ಅಲ್ಲಿ ಹೊಗಳಿಕೆ, ಇಲ್ಲಿ ತೆಗಳಿಕೆ. ಒಂದೇ ಪದವು ವಿಂಧ್ಯದ ಆಚೆಗೆ ತಾಂಬೂಲದ ತಟ್ಟೆಯಲ್ಲಿ ಮರ್ಯಾದೆಯಿಂದ ಕುಳಿತಿರುವಾಗ, ಈಚೆಗೆ ಬಂದು ಹುಸಿಯೆಂಬ ಅಪವಾದವನ್ನು ಹೊತ್ತುಕೊಂಡಿತು.

ಪರದೇಶಿಯ ಪತನ

ಇದು ಒಂದು ಪದದ ದುರದೃಷ್ಟ ಮಾತ್ರವೆ? ನಮ್ಮ ನುಡಿಯಲ್ಲಿ ಹೊರಗಿನಿಂದ ಬಂದವರ ಗತಿಯನ್ನು ಇನ್ನೊಂದು ಪದವೂ ಹೇಳುತ್ತದೆ. ‘ಪರದೇಶಿ’ ಎಂದರೆ ಬೇರೆ ದೇಶದವನು. ಅಷ್ಟೇ ಅದರ ಮೂಲಾರ್ಥ. ಇಂದು ‘ಪರದೇಶಿಯಾಗಿ ಬಿದ್ದಿದ್ದಾನೆ’ ಎಂದರೆ ದಿಕ್ಕಿಲ್ಲದವನು, ಹಿಂದುಮುಂದಿಲ್ಲದವನು. ಬೈಯುವಾಗ ಅದಕ್ಕೆ ಇನ್ನೂ ಕೆಳಗಿನ ಒಂದು ಮೆಟ್ಟಿಲುಂಟು. ‘ದೇಶಾಂತರ ಹೋದ’ನೆಂದರೂ ಮನೆ ಮುಳುಗಿತೆಂದೇ ಧ್ವನಿ. ಇದಕ್ಕೆ ಎದುರಾಗಿ ಒಳಗಿನದಾದ ‘ದೇಸಿ’ಗೆ ಹಳಗನ್ನಡದಲ್ಲಿ ಎಂತಹ ಪಟ್ಟ! ಮಾರ್ಗ, ದೇಸಿ ಎಂಬ ಜೋಡಿಯಲ್ಲಿ ಅದು ನಾಡಿನ ಶೈಲಿ. ಸೊಬಗು, ಚೆಲುವು ಎಂಬ ಅರ್ಥವೂ ಅದಕ್ಕೆ ಕೂಡಿಬಂದಿತ್ತು. ದೇಸಿಯಾದದ್ದು ಚೆಲುವು, ಪರದೇಶಿಯಾದದ್ದು ದೈನ್ಯ, ದೇಶಾವರಿಯಾದದ್ದು ತೋರಿಕೆ. ಪದಕೋಶದ ಮೂರು ನಮೂದುಗಳಲ್ಲಿ ಒಂದು ಸಮಾಜದ ಮನೋಧರ್ಮವೇ ಅಡಗಿ ಕುಳಿತಿದೆ.

ಹಾಗೆಂದು ಕನ್ನಡಿಗನು ಎಂದೆಂದಿಗೂ ಮನೆಯ ಹೊಸ್ತಿಲನ್ನು ದಾಟದವನೇನೂ ಅಲ್ಲ. ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯನ್ನು ಮೂಲಸ್ಥಾನವೆಂದು ಹೇಳಿಕೊಂಡ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕ ಸಂಘದವರು ದಕ್ಷಿಣಾಪಥವನ್ನೆಲ್ಲ ಸಂಚರಿಸಿದುದಕ್ಕೆ ಶಾಸನಗಳು ಸಾಕ್ಷಿ. ಆ ಐನೂರ್ವರ ಹೆಸರುಳ್ಳ 1088ರ ತಮಿಳು ಶಾಸನವೊಂದು ಸುಮಾತ್ರಾ ದ್ವೀಪದ ಬಾರೂಸಿನಲ್ಲಿ ದೊರೆತಿದೆ. ಬರ್ಮಾದ ಪಗಾನಿನಲ್ಲಿ ‘ನಾನಾದೇಶಿ’ ವರ್ತಕರ ಹೆಸರನ್ನು ಹೊತ್ತ ವಿಷ್ಣುಗೃಹವೇ ಇದ್ದಿತು. ನಾನಾದೇಶಿ ಎಂಬುದು ಆ ಕಾಲದಲ್ಲಿ ಹೆಮ್ಮೆಯ ಬಿರುದು. ಭಾಷೆ ತಿಳಿಯದ ಬಂದರಿನಲ್ಲಿ ಇಳಿದು, ದಡದ ಮೇಲೆ ನಿಂತ ಅಪರಿಚಿತನ ಮುಂದೆ ತಕ್ಕಡಿಯನ್ನು ಬಿಚ್ಚುವುದಕ್ಕೆ ಮುಂಚೆ ಆ ವರ್ತಕನು ಏನು ಮಾಡಿದ್ದಾನು? ನಕ್ಕಿದ್ದಾನು. ಹೃದಯ ತುಂಬಿ ನಗಲು ಅಲ್ಲಿ ಯಾವ ಕಾರಣವೂ ಇಲ್ಲ. ಆದರೂ ನಗದೆ ಗತಿಯಿಲ್ಲ. ದೇಶಾವರಿ ನಗೆಗೆ ಇದಕ್ಕಿಂತ ಒಳ್ಳೆಯ ಜನ್ಮಸ್ಥಾನವನ್ನು ಕಲ್ಪಿಸುವುದು ನನಗೆ ಶಕ್ಯವಿಲ್ಲ.

ರಸಕ್ಕೆ ಹೊರಗಿನ ನಗೆ

ನಗೆಯನ್ನು ನಮ್ಮವರಷ್ಟು ಶಾಸ್ತ್ರೋಕ್ತವಾಗಿ ವಿಂಗಡಿಸಿದವರು ವಿರಳ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಹಾಸ್ಯರಸಕ್ಕೆ ಬಿಳಿಯ ಬಣ್ಣ, ಪ್ರಮಥರು ಅಧಿದೈವ. ನಗೆಯಲ್ಲಿ ಆರು ಬಗೆ: ಕೆನ್ನೆ ಇಷ್ಟೇ ಅರಳಿ ಹಲ್ಲು ಕಾಣಿಸದ ಸ್ಮಿತ, ಹಲ್ಲು ತುಸು ಮಿನುಗುವ ಹಸಿತ, ಇನಿದಾದ ದನಿಯುಳ್ಳ ವಿಹಸಿತ, ಮೂಗು ಅರಳಿ ತಲೆ ಬಾಗುವ ಉಪಹಸಿತ, ಹೊತ್ತಲ್ಲದ ಹೊತ್ತಿನಲ್ಲಿ ಕಣ್ಣೀರು ಸೂಸಿ ಹೆಗಲು ಅಲುಗುವ ಅಪಹಸಿತ, ಪಕ್ಕೆಯನ್ನು ಹಿಡಿದುಕೊಂಡು ಅಬ್ಬರಿಸುವ ಅತಿಹಸಿತ. ಮೊದಲೆರಡು ಉತ್ತಮರಿಗೆ, ನಡುವಿನೆರಡು ಮಧ್ಯಮರಿಗೆ, ಕೊನೆಯೆರಡು ಅಧಮರಿಗೆ. ನಗೆಯ ಬಿಳುಪು ಕವಿಗಳಿಗೆ ಎಷ್ಟು ಪ್ರಿಯವಾಯಿತೆಂದರೆ ಕಾಳಿದಾಸನು ಮೇಘದೂತದಲ್ಲಿ ಕೈಲಾಸದ ಹಿಮಶಿಖರಗಳನ್ನು ಮುಕ್ಕಣ್ಣನ ಅಟ್ಟಹಾಸವೇ ದಿನದಿನವೂ ರಾಶಿಬಿದ್ದಂತೆ ಕಂಡನು.

ಈ ಆರರಲ್ಲಿ ದೇಶಾವರಿ ನಗೆ ಎಲ್ಲಿಗೆ ಸೇರುತ್ತದೆ? ಹೊರನೋಟಕ್ಕೆ ಸ್ಮಿತದ ಪಂಕ್ತಿಯಲ್ಲಿ ಕುಳ್ಳಿರಿಸಬಹುದು; ಹಲ್ಲು ಕಾಣಿಸಿದರೆ ಹಸಿತವೆನ್ನಬಹುದು. ಆದರೆ ಭರತನ ಆರು ನಗೆಗಳಿಗೂ ಒಂದೊಂದು ವಿಭಾವ ಬೇಕು, ಅಂದರೆ ನಗೆಯನ್ನು ಎಬ್ಬಿಸುವ ಕಾರಣ ಬೇಕು: ವಿಕೃತ ವೇಷ, ಅಸಂಬದ್ಧ ಪ್ರಲಾಪ, ಇನ್ನೊಬ್ಬನ ಪೇಚಾಟ. ದೇಶಾವರಿ ನಗೆಗೆ ಅಂತಹ ಕಾರಣವೇ ಇಲ್ಲ. ಎದುರಿಗೆ ಮತ್ತೊಬ್ಬ ಮನುಷ್ಯ ಬಂದನೆಂಬುದೇ ಅದರ ಕಾರಣ. ಆದ್ದರಿಂದ ಅದು ರಸಪ್ರಪಂಚಕ್ಕೆ ಸೇರಿದ್ದಲ್ಲ, ವ್ಯವಹಾರ ಪ್ರಪಂಚಕ್ಕೆ ಸೇರಿದ್ದು. ಹಾಸ್ಯದ ಅಳತೆಗೋಲನ್ನು ಹಿಡಿದು ಅದನ್ನು ‘ಹುಸಿ’ ಎನ್ನುವುದು ನಮಸ್ಕಾರವನ್ನು ವ್ಯಾಯಾಮದ ಅಳತೆಗೋಲಿನಿಂದ ಅಳೆದಂತೆ.

ಫ್ರಾನ್ಸಿನ ವೈದ್ಯ ದ್ಯುಶೆನ್ 1862ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಮುಖದ ಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಿ ಕಂಡುಕೊಂಡದ್ದು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ತುಟಿಯ ಮೂಲೆಗಳನ್ನು ಮೇಲಕ್ಕೆಳೆಯುವ ಸ್ನಾಯು ನಮ್ಮ ಇಚ್ಛೆಗೆ ಅಧೀನ; ಕಣ್ಣಿನ ಸುತ್ತ ಬಳಸಿಕೊಂಡು ಕೆನ್ನೆಯನ್ನು ಎತ್ತುವ ಸ್ನಾಯು ಮಾತ್ರ ಒಳಗಿನ ಸಂತೋಷ ಕರೆದಾಗ ಬರುತ್ತದೆ, ಬಾ ಎಂದರೆ ಬರುವುದಿಲ್ಲ. ‘ಅವರ ನಗೆ ಕಣ್ಣಿಗೆ ಮುಟ್ಟಲಿಲ್ಲ’ ಎಂದು ನಮ್ಮ ಕತೆಗಾರರು ಬರೆಯುವುದು ಶರೀರಶಾಸ್ತ್ರದ ದೃಷ್ಟಿಯಿಂದಲೂ ಅಕ್ಷರಶಃ ಸತ್ಯ. ದೇಶಾವರಿ ನಗೆ ತುಟಿಯಲ್ಲಿ ಹುಟ್ಟಿ ತುಟಿಯಲ್ಲಿಯೇ ಮುಗಿಯುತ್ತದೆ.

ಅನ್ಯರ ಅಂಗಳದಲ್ಲಿ

ಹೃದಯವಿಲ್ಲದ ನಗೆಯನ್ನು ಹೊರದೇಶದ ಲೆಕ್ಕಕ್ಕೆ ಬರೆಯುವ ಚಾಳಿ ನಮ್ಮೊಬ್ಬರದೇ ಅಲ್ಲವೆಂಬುದು ಸಮಾಧಾನದ ಸಂಗತಿ. ಹೋಮರನ ಒಡಿಸ್ಸಿಯ ಇಪ್ಪತ್ತನೆಯ ಸರ್ಗದಲ್ಲಿ, ಭಿಕ್ಷುಕನ ವೇಷದಲ್ಲಿ ತನ್ನ ಮನೆಯಲ್ಲಿಯೇ ಕುಳಿತ ಒಡಿಸ್ಯೂಸನ ಮೇಲೆ ಒಬ್ಬನು ಎತ್ತಿನ ಕಾಲನ್ನು ಎಸೆಯುತ್ತಾನೆ. ನಾಯಕನು ತಲೆಯನ್ನು ವಾಲಿಸಿ ತಪ್ಪಿಸಿಕೊಂಡು ಒಳಗೊಳಗೇ ಕಹಿಯಾಗಿ ನಗುತ್ತಾನೆ. ಆ ನಗೆಗೆ ಹೋಮರನು ಬಳಸಿದ ವಿಶೇಷಣವನ್ನು ಮುಂದಿನ ಗ್ರೀಕರು ಸಾರ್ಡಿನಿಯಾ ದ್ವೀಪದೊಡನೆ ಗಂಟುಹಾಕಿದರು. ಅಲ್ಲಿಯ ಒಂದು ಸಸ್ಯವನ್ನು ತಿಂದವರ ಮುಖ ಸೆಟೆದು, ಸಾಯುವಾಗಲೂ ನಗುತ್ತಿರುವಂತೆ ಕಾಣುವುದೆಂಬುದು ಅವರ ವಿವರಣೆ. ಇಂಗ್ಲಿಷಿನ ‘ಸಾರ್ಡೋನಿಕ್’ ನಗೆ ಹುಟ್ಟಿದ್ದು ಹೀಗೆ. ಧನುರ್ವಾಯು ರೋಗಿಯ ಸೆಟೆದ ಮುಖದಲ್ಲಿ ನಗೆಯಂತೆ ತೋರುವ ವಿಕಾರಕ್ಕೆ ವೈದ್ಯರು ಇಟ್ಟಿರುವ ಹೆಸರೂ ಅದರಿಂದಲೇ. 2009ರಲ್ಲಿ ಇಟಲಿಯ ವಿಜ್ಞಾನಿಗಳು ಸಾರ್ಡಿನಿಯಾದ ನೀರಿನಂಚಿನಲ್ಲಿ ಬೆಳೆಯುವ ಒಂದು ವಿಷಸಸ್ಯದಲ್ಲಿ ಆ ಹಳೆಯ ಕತೆಯ ಗಿಡವನ್ನು ಗುರುತಿಸಿದರು.

ಇಪ್ಪತ್ತನೆಯ ಶತಮಾನದವರು ದ್ವೀಪವನ್ನು ಬಿಟ್ಟು ವಿಮಾನವನ್ನು ಹಿಡಿದರು. 1927ರಿಂದ 1991ರವರೆಗೆ ಭೂಗೋಳವನ್ನು ಸುತ್ತಿದ ಪ್ಯಾನ್ ಅಮೆರಿಕನ್ ವಿಮಾನ ಸಂಸ್ಥೆಯ ಗಗನಸಖಿಯರು ಬಾಗಿಲಲ್ಲಿ ನಿಂತು ಹತ್ತುವವರಿಗೂ ಇಳಿಯುವವರಿಗೂ ಸಮವಾಗಿ ಹಂಚಿದ ಮುಗುಳ್ನಗೆಯ ನೆನಪಿಗಾಗಿ, ಕಣ್ಣಿಗೆ ಮುಟ್ಟದ ನಗೆಗೆ ‘ಪ್ಯಾನ್ ಆಮ್ ನಗೆ’ ಎಂದೇ ಹೆಸರಾಯಿತು. ಗ್ರೀಕನಿಗೆ ಹಡಗು, ಅಮೆರಿಕನಿಗೆ ವಿಮಾನ, ನಮಗೆ ಎತ್ತಿನ ಗಾಡಿ; ವಾಹನ ಯಾವುದಾದರೇನು, ದೂರದಿಂದ ಬಂದ ಸಾಮಾನಿನೊಡನೆಯೇ ಇಂತಹ ನಗೆಯೂ ಬಂದಿತೆಂದು ಮೂವರೂ ತೀರ್ಮಾನಿಸಿದರು. ಮನೆಯಲ್ಲಿ ನಾವೆಲ್ಲ ಮನಸಾರೆ ನಗುವವರು, ಕಲಬೆರಕೆಯೆಲ್ಲ ಹೊರಗಿನವರದು ಎಂಬ ನಂಬಿಕೆ ಮನುಷ್ಯಜಾತಿಗೆ ಬಹಳ ಹಿತವಾದದ್ದು.

ಅಂಜನಾಪುರದಲ್ಲಿ

ನಾನು ಈ ಪದವನ್ನು ಕುರಿತು ಯೋಚಿಸತೊಡಗಿದ್ದು ಪುಸ್ತಕದಿಂದಲ್ಲ, ಅಂಜನಾಪುರದಲ್ಲಿ ನೆಲಸಿರುವ ಕಾರಣದಿಂದ. ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ, ಕನಕಪುರ ರಸ್ತೆಗೂ ಬನ್ನೇರುಘಟ್ಟ ರಸ್ತೆಗೂ ನಡುವೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ರೂಪಿಸಿದ ಬಡಾವಣೆ ಇದು. 2021ರ ಜನವರಿಯಲ್ಲಿ ಮೆಟ್ರೋದ ಹಸಿರು ಮಾರ್ಗವು ಯಲಚೇನಹಳ್ಳಿಯಿಂದ ರೇಷ್ಮೆ ಸಂಸ್ಥೆಯವರೆಗೆ ಬಂದು ಮುಟ್ಟಿದ ಮೇಲೆ ಇಲ್ಲಿಗೆ ಬಂದು ನೆಲಸುವವರ ಸಂಖ್ಯೆ ಇನ್ನೂ ಹೆಚ್ಚಿತು. ಜಯನಗರದಲ್ಲಿಯೋ ಬಸವನಗುಡಿಯಲ್ಲಿಯೋ ನಾಲ್ಕು ತಲೆಮಾರು ಒಂದೇ ಬೀದಿಯಲ್ಲಿ ಬಾಳಿದವರುಂಟು. ಇಲ್ಲಿ ಹಳೆಯ ಗ್ರಾಮಠಾಣದ ಮನೆಗಳವರನ್ನು ಬಿಟ್ಟರೆ ಮಿಕ್ಕವರೆಲ್ಲ ದೇಶಾವರದವರೇ. ನನ್ನ ಎಡಮನೆಯವರದು ವಿಜಯಪುರದ ಕಡೆ, ಬಲಮನೆಯವರದು ಒಡಿಶಾ, ಎದುರಿನವರದು ಪಾಲಕ್ಕಾಡು. ಇಸ್ತ್ರಿಯ ಗಾಡಿಯವನು ಆಂಧ್ರದಿಂದ, ಪಾನಿಪುರಿಯ ಹುಡುಗ ಬಿಹಾರದಿಂದ ಬಂದವರು.

ಬೆಳಿಗ್ಗೆ ಆರೂವರೆಗೆ ಅಂಜನಾಪುರದ ಕೆರೆಯ ಕಡೆಗೆ ಹೊರಟರೆ ದೇಶಾವರಿ ವ್ಯವಹಾರವು ಪೂರ್ಣ ವೈಭವದಿಂದ ನಡೆಯುತ್ತಿರುವುದನ್ನು ನೋಡಬಹುದು. ಕ್ಯಾನ್ವಾಸ್ ಬೂಟು ತೊಟ್ಟು, ಕಿವಿಗೆ ಮಫ್ಲರು ಸುತ್ತಿ, ಬೆವರುತ್ತ ಬಿರುಸಾಗಿ ನಡೆಯುತ್ತಿರುವವರನ್ನು ಎದುರಿನಿಂದ ಅದೇ ವೇಷದಲ್ಲಿ ಬರುತ್ತಿರುವವರು ನಿಲ್ಲಿಸಿ ಕೇಳುತ್ತಾರೆ: ‘ಏನ್ ಸಾರ್, ವಾಕಿಂಗಾ?’ ಇವರು ಅಷ್ಟೇ ಗಂಭೀರವಾಗಿ ಉತ್ತರಿಸುತ್ತಾರೆ: ‘ಹೂಂ ಸಾರ್, ತಾವೂ ವಾಕಿಂಗಾ?’ ಇಬ್ಬರ ತುಟಿಯೂ ಒಮ್ಮೆ ಅಗಲವಾಗಿ, ಮತ್ತೆ ಮೊದಲಿನಂತಾಗುತ್ತದೆ. ವಿಜಯಪುರದ ಹಿರಿಯರು ಮಾತ್ರ ‘ಏನ್ರೀ, ಆರಾಮದೀರಿ?’ ಎನ್ನುತ್ತಾರೆ, ‘ಆರಾಮ್ರೀ, ನೀವು?’ ಎಂಬ ಜವಾಬು ಕಿವಿಗೆ ಬೀಳುವಷ್ಟರಲ್ಲಿ ಅವರು ಮುಂದಿನ ವಿದ್ಯುತ್ ಕಂಬವನ್ನು ದಾಟಿರುತ್ತಾರೆ. ಕೇಳಿದವನಿಗೆ ಹೊಸ ಸಮಾಚಾರ ಸಿಕ್ಕಲಿಲ್ಲ, ಹೇಳಿದವನಿಗೆ ಖರ್ಚಾಗಲಿಲ್ಲ. ಪೋಲಂಡಿನಲ್ಲಿ ಹುಟ್ಟಿದ ಮಾನವಶಾಸ್ತ್ರಜ್ಞ ಮಲಿನೋವ್‌ಸ್ಕಿ 1923ರಲ್ಲಿ ಬರೆದ ಒಂದು ಪ್ರಸಿದ್ಧ ಪ್ರಬಂಧದಲ್ಲಿ, ಇಂತಹ ಮಾತಿನ ಪ್ರಯೋಜನವು ವಿಷಯವನ್ನು ತಿಳಿಸುವುದಲ್ಲ, ಕೂಡಿ ಬಾಳುವ ನಂಟನ್ನು ಕಟ್ಟುವುದು ಎಂದು ತೋರಿಸಿಕೊಟ್ಟನು. ಮೌನವಾಗಿ ಎದುರು ನಿಲ್ಲುವ ಅಪರಿಚಿತನೇ ಮನುಷ್ಯನಿಗೆ ಮೊದಲ ಭಯ. ‘ಊಟ ಆಯ್ತಾ?’ ಎಂದು ಮಧ್ಯಾಹ್ನ ಮೂರು ಗಂಟೆಗೆ ಕೇಳುವ ಕನ್ನಡಿಗನಿಗೆ ಇದನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಪಾರ್ಕಿನ ಒಂದು ಬದಿಯಲ್ಲಿ ನಗೆಕೂಟದವರು ವರ್ತುಲವಾಗಿ ನಿಂತು, ಕೈಯೆತ್ತಿ, ಎಣಿಕೆಗೆ ಸರಿಯಾಗಿ ಹೋ ಹೋ ಹಾ ಹಾ ಎನ್ನುವುದನ್ನು ನಮ್ಮ ನಗರದವರೆಲ್ಲ ನೋಡಿದ್ದಾರೆ. 1995ರ ಮಾರ್ಚಿನಲ್ಲಿ ಮುಂಬಯಿಯ ಒಂದು ಉದ್ಯಾನದಲ್ಲಿ ಡಾಕ್ಟರ್ ಮದನ್ ಕಟಾರಿಯಾ ಐದು ಜನರಿಂದ ಆರಂಭಿಸಿದ ಪದ್ಧತಿ ಇದು. ಮೊದಮೊದಲು ಅಲ್ಲಿ ನಗೆಹನಿಗಳನ್ನು ಹೇಳಿ ನಗಿಸುತ್ತಿದ್ದರು. ಕೆಲವೇ ದಿನಗಳಲ್ಲಿ ಒಳ್ಳೆಯ ಹನಿಗಳ ದಾಸ್ತಾನು ತೀರಿ, ಕೆಟ್ಟವುಗಳಿಂದ ಕೆಲವರಿಗೆ ನೋವಾಗಿ, ಕೊನೆಗೆ ಕಾರಣವಿಲ್ಲದೆಯೇ ನಗುವುದೆಂದು ಗೊತ್ತುಮಾಡಿದರು. ಭರತನು ಇದ್ದಿದ್ದರೆ ವಿಭಾವವಿಲ್ಲದ ಈ ಅನುಭಾವವನ್ನು, ಅಂದರೆ ಕಾರಣವಿಲ್ಲದೆ ಹೊರಗೆ ತೋರುವ ಈ ಚೇಷ್ಟೆಯನ್ನು ಕಂಡು ಹುಬ್ಬು 
ಗಂಟಿಕ್ಕುತ್ತಿದ್ದನೋ ಏನೋ. ಆದರೆ ಹತ್ತಿರ ನಿಂತು ನೋಡಿದವರಿಗೆ ಒಂದು ಸಂಗತಿ ತಿಳಿದಿರುತ್ತದೆ: ಮೊದಲ ಎರಡು ಸುತ್ತು ಅಪ್ಪಟ ದೇಶಾವರಿ, ಮೂರನೆಯದರಲ್ಲಿ ಪಕ್ಕದವನ ಬಲವಂತದ ಹಾ ಹಾ ಕೇಳಿ ಒಬ್ಬರಿಗೆ ನಿಜವಾಗಿಯೂ ನಗು ಬರುತ್ತದೆ, ಅವರನ್ನು ನೋಡಿ ಇನ್ನೊಬ್ಬರಿಗೆ, ಆಮೇಲೆ ಇಡೀ ವರ್ತುಲವೇ ಗೊಳ್ಳೆನ್ನುತ್ತದೆ. ತುಟಿಯಲ್ಲಿ ಹುಟ್ಟಿ ತುಟಿಯಲ್ಲಿಯೇ ಮುಗಿಯಬೇಕಾಗಿದ್ದ ನಗೆ ಕಣ್ಣಿಗೆ ದಾರಿ ಮಾಡಿಕೊಂಡಿರುತ್ತದೆ.

ನಗೆಯನ್ನು ಹೊರಗಿನಿಂದ ಕರೆಸಿಕೊಂಡ ಇನ್ನೊಂದು ನಿದರ್ಶನವೂ ಈ ನಗರದಲ್ಲಿಯೇ ಉಂಟು. ‘ರಾಶಿ’ ಎಂಬ ಹೆಸರಿನಿಂದ ಬರೆಯುತ್ತಿದ್ದ ಡಾಕ್ಟರ್ ಎಂ. ಶಿವರಾಂ 1942ರಲ್ಲಿ ಬೆಂಗಳೂರಿನಿಂದ ಕನ್ನಡದ ಹಾಸ್ಯಪತ್ರಿಕೆಯೊಂದನ್ನು ಹೊರಡಿಸಿದಾಗ ಅದಕ್ಕಿಟ್ಟ ಹೆಸರು ‘ಕೊರವಂಜಿ’. ಊರೂರು ಸುತ್ತಿ, ಕಂಡವರ ಮನೆಯ ಅಂಗಳದಲ್ಲಿ ಕುಳಿತು ಕಣಿ ಹೇಳುವವಳು ಅವಳು. ಯಾವ ಬೀದಿಗೂ ಸೇರಿದವಳಲ್ಲ. ಊರಿನವರು ಊರಿನವರನ್ನು ನೋಡಿ ನಕ್ಕರೆ ಜಗಳ. ಹೊರಗಿನಿಂದ ಬಂದವಳು ನಗಿಸಿದರೆ ಹಾಸ್ಯ. 1967ರವರೆಗೆ ನಡೆದ ಆ ಪತ್ರಿಕೆ ಒಂದು ತಲೆಮಾರಿಗೆ ಹೀಗೆಯೇ ನಗಲು ಕಲಿಸಿತು.

ಮರ್ಯಾದೆಯ ಪ್ರಶ್ನೆ

ಪದಗಳಿಗೆ ಬಿದ್ದ ಅಪವಾದವನ್ನು ಅಳಿಸುವುದು ನಿಘಂಟುಕಾರನ ಕೈಯಲ್ಲಿಲ್ಲ. ಇಲ್ಲಿಂದ ಅಷ್ಟೇನೂ ದೂರವಲ್ಲದ ಜಯನಗರದಲ್ಲಿ ಬಾಳಿ, 2021ರ ಏಪ್ರಿಲಿನಲ್ಲಿ ನೂರೇಳು ವರುಷದ ತುಂಬು ಜೀವನವನ್ನು ಮುಗಿಸಿದ ಪ್ರೊಫೆಸರ್ ಜಿ. ವೆಂಕಟಸುಬ್ಬಯ್ಯನವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. 1970ರಿಂದ 1995ರವರೆಗೆ ಎಂಟು ಸಂಪುಟಗಳಾಗಿ ಹೊರಬಂದ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿಗಾಗಿ ದುಡಿದವರು, 1991ರಿಂದ ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ಓದುಗರ ಪದಸಂಶಯಗಳಿಗೆ ವಾರವಾರವೂ ಉತ್ತರ ಕೊಟ್ಟವರು ಅವರು. ಜನ ಒಂದು ಪದವನ್ನು ಹೇಗೆ ಆಡುತ್ತಾರೆಂಬುದೇ ಕೊನೆಯ ಪ್ರಮಾಣ. ನಿಘಂಟು ಅದನ್ನು ಬರೆದಿಡುವ ಶ್ಯಾನುಭೋಗ. ಆದ್ದರಿಂದ ದೇಶಾವರಿ ನಗೆ ಎಂಬುದು ನಾಳೆಯಿಂದ ಹೊಗಳಿಕೆಯಾಗಲೆಂದು ನಾನು ಯಾರನ್ನೂ ಒತ್ತಾಯಿಸಲಾರೆ.

ಆದರೂ ಆ ನಗೆಯ ಪರವಾಗಿ ಒಂದು ವಕಾಲತ್ತು ಹಾಕುವ ಅವಕಾಶವನ್ನು ಬಿಡಲಾರೆ. ಅದರೊಡನೆ ಪೇಟೆಗೆ ಬಂದ ಹುಂಡಿಯನ್ನೇ ನೋಡಿ. ಹುಂಡಿಯಲ್ಲಿ ಎರಡು ಬಗೆ: ಗೊತ್ತಾದ ಅವಧಿ ಕಳೆದ ಮೇಲೆ ಹಣ ಕೊಡಬೇಕಾದದ್ದು ಮುದ್ದತಿ ಹುಂಡಿ, ತಂದು ತೋರಿಸಿದೊಡನೆ ಎಣಿಸಿಕೊಡಬೇಕಾದದ್ದು ದರ್ಶನಿ ಹುಂಡಿ. ಆ ಕಾಗದದ ತುಂಡಿನಲ್ಲಿ ಚಿನ್ನವಿರಲಿಲ್ಲ. ಆದರೆ ಅದನ್ನು ಯಾರೂ ಹುಸಿಯೆನ್ನಲಿಲ್ಲ, ಏಕೆಂದರೆ ಅದರ ಹಿಂದೆ ಎರಡು ಊರುಗಳ ನಡುವಣ ನಂಬಿಕೆ ಇದ್ದಿತು. ಸ್ನೇಹಿತರ ನಡುವಣ ಮನತುಂಬಿದ ನಗೆ ಮುದ್ದತಿಯದು. ಅದಕ್ಕೆ ಕಾಲ ಬೇಕು, ಪರಿಚಯ ಪಕ್ವವಾಗಬೇಕು. ಅಪರಿಚಿತನಿಗೆ ಕೊಡುವುದು ದರ್ಶನಿ; ಕಂಡೊಡನೆ ಸಲ್ಲಬೇಕು, ಅಲ್ಲಿಯೇ ಚುಕ್ತವಾಗಬೇಕು. ಎರಡನೆಯದನ್ನು ಮೊದಲನೆಯದರ ನಕಲೆಂದು ಭಾವಿಸಿದ್ದರಿಂದಲೇ ನಾವು ಅದನ್ನು ನಿಂದಿಸಿದೆವು.

ದೇಶಾವರಿ ನಗೆಗೆ ಎದುರಾದದ್ದು ಹೃತ್ಪೂರ್ವಕವಾದ ನಗೆಯಲ್ಲ, ಮೊಬೈಲಿನ ಮೇಲೆ ಕವಿಚಿಕೊಂಡ ಮುಖ. ಹತ್ತು ಭಾಷೆಗಳ ಜನ ಒಂದೇ ಗೇಟಿನೊಳಗೆ ವಾಸಿಸುವ ಬಡಾವಣೆಗಳಲ್ಲಿ, ನೀರಿನ ಟ್ಯಾಂಕರು, ಕಾರು ನಿಲ್ಲಿಸುವ ಜಾಗ, ನಾಯಿಯ ಬೊಗಳಿಕೆಗಳನ್ನು ಕುರಿತ ತಕರಾರು ಠಾಣೆಯವರೆಗೆ ಹೋಗದೆ ಗೇಟಿನಲ್ಲಿಯೇ ಇತ್ಯರ್ಥವಾಗುವುದು ಬಹುಮಟ್ಟಿಗೆ ದಿನವೂ ವಿನಿಮಯವಾದ ಈ ಅಗ್ಗದ ನಗೆಯ ಬಲದಿಂದ. ನಗೆ ಬಂದರೆ ಹೃದಯದಿಂದಲೇ ಬರಬೇಕು, ಇಲ್ಲವಾದರೆ ಬೇಡ ಎಂದು ಪಟ್ಟುಹಿಡಿಯುವ ಪ್ರಾಮಾಣಿಕರು ನಮ್ಮಲ್ಲಿದ್ದಾರೆ. ಅವರಲ್ಲಿ ನನ್ನ ವಿಜ್ಞಾಪನೆ ಇಷ್ಟೇ: ಲಿಫ್ಟಿನಲ್ಲಿ ನೆಲಮಹಡಿಯಿಂದ ಮೂರನೆಯ ಮಹಡಿಗೆ ಹೋಗುವಷ್ಟು ಹೊತ್ತಿಗೆ ಹೃದಯವನ್ನು ಬಂಡವಾಳವಾಗಿ ಹೂಡುವ ವರ್ತಕ ಐನೂರ್ವರಲ್ಲಿಯೂ ಒಬ್ಬನಿದ್ದಿರಲಾರನು, ಅಷ್ಟು ದೂರಕ್ಕೆ ದೇಶಾವರಿಯೇ ಸಾಕು, ಆದರೆ ಅದನ್ನಾದರೂ ಕೊಡಿ.